ಸ್ಥಳೀಯ ಆರೋಗ್ಯ ಕಾರ್ಯಕ್ಕೆ ಸ್ಥಿರ ನಿಧಿಯ ಆವಶ್ಯಕತೆ: ಮಂಡ್ಯ ಸೀಮೆಯ ನಿದರ್ಶನದಿಂದ ಕೆಲವು ವಿಚಾರಗಳು

ನಾಗಮಂಗಲ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ದೇವಲಾಪುರವೂ ಒಂದು. ಅಲ್ಲಿಯ ಗೃಹಸ್ಥನೊಬ್ಬನು ಗ್ರಾಮ ಪಂಚಾಯಿತಿಗೆ ತನ್ನ ಮನೆಯ ತೆರಿಗೆಯನ್ನು ಸಲ್ಲಿಸಿ ರಸೀತಿಯನ್ನು ಪಡೆದನೆಂದು ಭಾವಿಸೋಣ. ತೆರಿಗೆಯ ಮೊತ್ತದ ಜೊತೆಗೆ ಕೆಲವು ಉಪಕರಗಳನ್ನೂ ಅವನು ತೆರಬೇಕಾಗುತ್ತದೆ. ಗ್ರಂಥಾಲಯ ಕರವೆಂದು ನೂರಕ್ಕೆ 6, ಭಿಕ್ಷುಕರ ಕರವೆಂದು ನೂರಕ್ಕೆ 3, ಇವೆರಡಕ್ಕಿಂತಲೂ ಹೆಚ್ಚಾಗಿ ಆರೋಗ್ಯ ಕರವೆಂದು ನೂರಕ್ಕೆ 15. ಈ ಆರೋಗ್ಯ ಕರವು ಹೊಸದೇನೂ ಅಲ್ಲ. 1962ರಲ್ಲಿ ಮೈಸೂರು ರಾಜ್ಯದ ಶಾಸನಸಭೆಯು ಅಂಗೀಕರಿಸಿದ ಕಾನೂನಿನ ಮೇರೆಗೆ ಅದು ನಡೆದು ಬಂದಿದೆ. ತೆರುವವನು ಆ ಹೆಸರನ್ನು ಓದಿ, ಇದು ತನ್ನ ಊರಿನ ಆರೋಗ್ಯಕ್ಕಾಗಿ ಸಲ್ಲುವ ಹಣವೆಂದು ತಿಳಿದರೆ ಅವನನ್ನು ತಪ್ಪೆನ್ನಲಾಗದು. ಆದರೆ ಪಂಚಾಯಿತಿಯು ಈ ಹಣವನ್ನು ವಸೂಲು ಮಾಡಿ, ವಸೂಲಿಯ ವೆಚ್ಚಕ್ಕೆಂದು ಒಂದಂಶವನ್ನು ಮಾತ್ರ ಉಳಿಸಿಕೊಂಡು, ಮಿಕ್ಕುದನ್ನು ರಾಜ್ಯದ ಬೊಕ್ಕಸಕ್ಕೆ ಕಟ್ಟತಕ್ಕದ್ದು. ಬೊಕ್ಕಸವನ್ನು ಸೇರಿದ ಮೇಲೆ ಅದು ಇತರ ಹಣದೊಡನೆ ಬೆರೆಯುತ್ತದೆ. ಅಲ್ಲಿಂದ ದೇವಲಾಪುರದಂಥ ಊರಿಗೆ ಆರೋಗ್ಯಕ್ಕೆಂದು ಎಷ್ಟು ಬರಬೇಕು, ಯಾವ ತಿಂಗಳಿನಲ್ಲಿ ಬರಬೇಕು, ಬರುವ ವರ್ಷವೂ ಅಷ್ಟೇ ಬರುವುದೇ ಎಂಬುದನ್ನು ಆ ರಸೀತಿಯಾಗಲಿ ಅದರ ಹಿಂದಿರುವ ಕಾನೂನಾಗಲಿ ಹೇಳುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಬೇಕೆಂದಿರುವ ವಿಷಯ ಇದೇ. ಸಾರ್ವಜನಿಕ ಆರೋಗ್ಯಕ್ಕೆ ಹಣ ಸಾಲದೆಂಬ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಅದು ನಿಜವೂ ಹೌದು. ಆದರೆ ಹಣದ ಅಲ್ಪತೆ ಒಂದು ದೋಷ, ಹಣದ ಅಸ್ಥಿರತೆ ಮತ್ತೊಂದು ದೋಷ. ಇವೆರಡನ್ನೂ ಒಂದೇ ಎಂದೆಣಿಸುವುದರಿಂದ ಎರಡನೆಯದು ನಮ್ಮ ಕಣ್ಣಿಗೆ ಬೀಳದೆ ಉಳಿದಿದೆ. ರೋಗ ಬಂದ ಮೇಲೆ ಮಾಡುವ ಚಿಕಿತ್ಸೆಗೆ ಹಣ ತಡವಾದರೆ ರೋಗಿಯ ನರಳಾಟ ಎಲ್ಲರಿಗೂ ಕಾಣುತ್ತದೆ. ರೋಗ ಬಾರದಂತೆ ಮಾಡುವ ಕಾರ್ಯಕ್ಕೆ ಹಣ ತಪ್ಪಿದರೆ ಆ ದಿನ ಏನೂ ಕಾಣುವುದಿಲ್ಲ. ಕಾಣುವ ವೇಳೆಗೆ ಒಂದೆರಡು ಮಳೆಗಾಲಗಳು ಕಳೆದಿರುತ್ತವೆ. ಹಣ ನಿಲ್ಲಿಸಿದ ಅಧಿಕಾರಿ ಆ ಹೊತ್ತಿಗೆ ಬೇರೊಂದು ಹುದ್ದೆಯಲ್ಲಿರುತ್ತಾನೆ.

ಮಂಡ್ಯ ಸೀಮೆಯನ್ನು ನಾವು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಈ ನಾಲ್ಕು ತಾಲ್ಲೂಕುಗಳು ಇಂದು ಪಾಂಡವಪುರ ಉಪವಿಭಾಗಕ್ಕೆ ಸೇರಿವೆ; 1939ರಲ್ಲಿ ಮಂಡ್ಯ ಜಿಲ್ಲೆ ರಚಿತವಾಗುವವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದುವು. ಆಡಳಿತದಲ್ಲಿ ಒಂದಾದರೂ ನೀರಿನ ವಿಷಯದಲ್ಲಿ ಇವು ಒಂದೇ ತೆರನಾದವಲ್ಲ. ಮೊದಲೆರಡರಲ್ಲಿ ಕಾವೇರಿಯ ನಾಲೆಗಳು ಹರಿದಾಡಿ ಗದ್ದೆ, ಕಬ್ಬಿನ ತೋಟಗಳು ಹಬ್ಬಿವೆ. ನಾಗಮಂಗಲವು ಬಹುಮಟ್ಟಿಗೆ ಮಳೆಯನ್ನೂ ಕೆರೆಯನ್ನೂ ನಂಬಿದ ರಾಗಿ-ಹುರುಳಿಯ ನಾಡು. ಹೇಮಾವತಿಯ ನಾಲೆ ಬಂದದ್ದು ಈಚಿನ ದಶಕಗಳಲ್ಲಿ. ಒಂದು ಕಡೆ ನೀರು ಹೆಚ್ಚಿದುದರಿಂದ ರೋಗ, ಮತ್ತೊಂದು ಕಡೆ ನೀರು ಸಾಲದುದರಿಂದ ರೋಗ. ಒಂದೇ ಉಪವಿಭಾಗದಲ್ಲಿ ಈ ಎರಡನ್ನೂ ನೋಡಬಹುದಾಗಿದೆ.

ನೀರು ಬಂದ ಕಥೆಯನ್ನು ಮೊದಲು ಹೇಳೋಣ. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. 1930ರ ದಶಕದ ಆದಿಯಲ್ಲಿ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಅದನ್ನೇ ನಾವು ಈಗ ವಿಶ್ವೇಶ್ವರಯ್ಯ ನಾಲೆಯೆಂದು ಕರೆಯುತ್ತೇವೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪೆನಿ ಸ್ಥಾಪಿತವಾಯಿತು. ಬೆದ್ದಲು ಗದ್ದೆಯಾದುದು, ರೈತನ ಕೈಯಲ್ಲಿ ನಾಲ್ಕು ಕಾಸು ಆಡಿದುದು, ಇವೆಲ್ಲ ಜಿಲ್ಲೆಯ ಜನರಿಗೆ ತಿಳಿದ ಚರಿತ್ರೆ. ನಾಲೆಯ ನೀರಿನ ಬೆನ್ನಿಗೇ ಚಳಿಜ್ವರವೂ ಹಳ್ಳಿಗಳನ್ನು ಹೊಕ್ಕಿತೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಮೈಸೂರು ಸರ್ಕಾರದವರು ಇದನ್ನು ಅರಿಯದೆ ಇರಲಿಲ್ಲ. 1920ರ ದಶಕದ ಕೊನೆಯ ವರ್ಷಗಳಲ್ಲಿಯೇ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರವನ್ನು ಪಡೆದು ಸಂಸ್ಥಾನದಲ್ಲಿ ಮಲೇರಿಯಾ ಸಂಶೋಧನೆಯನ್ನು ಕೈಗೊಂಡಿದ್ದರು. ನಾಗೇನಹಳ್ಳಿ, ಹಿರಿಯೂರು ಮತ್ತು ಮೂಡಿಗೆರೆಗಳಲ್ಲಿ ಕ್ಷೇತ್ರ ಕೇಂದ್ರಗಳಿದ್ದುವು. ಪ್ರತಿಷ್ಠಾನದ ವೈದ್ಯ ಡಾ|| ಸ್ವೀಟ್ ಅವರೂ ಸಂಸ್ಥಾನದ ತಜ್ಞರಾದ ಬಿ. ಅನಂತಸ್ವಾಮಿರಾಯರೂ ಅವರ ಸಹೋದ್ಯೋಗಿಗಳೂ ಸೊಳ್ಳೆಗಳನ್ನು ಹಿಡಿದು, ಛೇದಿಸಿ, ಯಾವ ಜಾತಿಯ ಸೊಳ್ಳೆ ಎಲ್ಲಿ ರೋಗವನ್ನು ಹರಡುತ್ತದೆಂಬುದನ್ನು ಕಂಡುಕೊಂಡರು. ಮಲೆನಾಡಿನ ತೊರೆಗಳಲ್ಲಿ ಅನಾಫಿಲಿಸ್ ಫ್ಲೂವಿಯಾಟಿಲಿಸ್, ಬಯಲು ಸೀಮೆಯ ನಾಲೆ ಹೊಂಡಗಳಲ್ಲಿ ಅನಾಫಿಲಿಸ್ ಕ್ಯೂಲಿಸಿಫೇಸೀಸ್. ಶತ್ರುವಿನ ಗುರುತು ಸಿಕ್ಕಿದ ಮೇಲೆ ಮಾಡಬೇಕಾದ ಕೆಲಸವೂ ಸ್ಪಷ್ಟವಾಯಿತು.

ಆ ಕೆಲಸದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಏತಕ್ಕೆಂದರೆ ಹಣದ ಪ್ರಶ್ನೆಯೆಲ್ಲ ಅದರಲ್ಲಿಯೇ ಅಡಗಿದೆ. ಬೆಚ್ಚಗಿನ ಕಾಲದಲ್ಲಿ ಅನಾಫಿಲಿಸ್ ಸೊಳ್ಳೆಯು ನೀರಿನಲ್ಲಿಟ್ಟ ಮೊಟ್ಟೆಯು ಮರಿಹುಳುವಾಗಿ, ಕೋಶವಾಗಿ, ರೆಕ್ಕೆಯ ಸೊಳ್ಳೆಯಾಗಿ ಹಾರಿಹೋಗಲು ಸುಮಾರು ಎಂಟರಿಂದ ಹನ್ನೆರಡು ದಿನಗಳು ಸಾಕು. ಆದಕಾರಣ ನೀರಿನ ಮೇಲೆ ಮರಿಹುಳುಗಳನ್ನು ಕೊಲ್ಲುವ ಔಷಧಿಯನ್ನು ವಾರಕ್ಕೊಮ್ಮೆ ತಪ್ಪದೆ ಹರಡಬೇಕು. ಆ ಕಾಲದಲ್ಲಿ ಅದು ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿಯಾಗಿತ್ತು. ಧೂಳಿನೊಡನೆ ಬೆರಸಿ ಗಾಳಿಯ ದಿಕ್ಕನ್ನು ನೋಡಿ ಎರಚುತ್ತಿದ್ದರು. ಇಂದು ಔಷಧಿ ಬೇರೆ, ವಾರದ ನಿಯಮ ಮಾತ್ರ ಅದೇ. ಐವತ್ತು ವಾರ ಮಾಡಿ ಎರಡು ವಾರ ಬಿಟ್ಟರೆ ಐವತ್ತೆರಡರಲ್ಲಿ ಐವತ್ತು ಪಾಲು ಫಲ ದೊರೆಯುವುದೆಂದು ಅಂಕಗಣಿತ ಹೇಳಬಹುದು. ಸೊಳ್ಳೆಯ ಗಣಿತ ಹಾಗಲ್ಲ. ಬಿಟ್ಟ ಎರಡು ವಾರಗಳು ಮಳೆ ನಿಂತು ಬಿಸಿಲು ಬಿದ್ದ ವಾರಗಳಾದರೆ, ಅಥವಾ ನಾಲೆಯ ನೀರನ್ನು ಕಡಿಮೆ ಮಾಡಿ ಅಂಚಿನಲ್ಲಿ ಹೊಂಡಗಳು ನಿಂತ ವಾರಗಳಾದರೆ, ಒಂದು ಪೀಳಿಗೆಯ ಸೊಳ್ಳೆ ಹೊರಬಿದ್ದು ಊರೊಳಕ್ಕೆ ನಡೆಯುತ್ತದೆ. ಕೆರೆಯ ಏರಿಯನ್ನು ಒಂದು ಮಾರಿನಷ್ಟು ಬಿಟ್ಟು ಮಿಕ್ಕುದನ್ನೆಲ್ಲ ಭದ್ರವಾಗಿ ಕಟ್ಟಿದರೆ ಆ ಕೆರೆಯಲ್ಲಿ ಎಷ್ಟು ನೀರು ನಿಲ್ಲುವುದೋ ಅಷ್ಟೇ ಫಲ.

ರೋಗದ ಕಾಲಮಾನ ವಾರಗಳದು, ಬೊಕ್ಕಸದ ಕಾಲಮಾನ ವರ್ಷಗಳದು. ಈ ಎರಡು ಪಂಚಾಂಗಗಳ ನಡುವಣ ಹೊಂದಾಣಿಕೆಯಿಲ್ಲದಿರುವಿಕೆಯೇ ನಮ್ಮ ಗ್ರಾಮಾರೋಗ್ಯ ವ್ಯವಸ್ಥೆಯ ಒಂದು ಮೂಲ ವ್ಯಾಧಿಯೆಂದು ನಾವು ತಿಳಿದಿದ್ದೇವೆ. ಈಗಿನ ಆರ್ಥಿಕ ವರ್ಷ ಏಪ್ರಿಲ್ ಒಂದನೆಯ ತಾರೀಖಿನಿಂದ ಆರಂಭವಾಗುತ್ತದೆ. ಆಯವ್ಯಯವು ಮಂಜೂರಾಗಿ, ಆದೇಶಗಳು ಹೊರಟು, ಮೊದಲ ಕಂತು ಜಿಲ್ಲೆಗೂ ಅಲ್ಲಿಂದ ತಾಲ್ಲೂಕಿಗೂ ಇಳಿಯುವಷ್ಟರಲ್ಲಿ ಮುಂಗಾರು ಬಂದಿರುತ್ತದೆ. ಮಳೆಗೆ ಮುಂಚೆ ಮಾಡಬೇಕಾದ ಚರಂಡಿಯ ಶುದ್ಧಿ, ಬಾವಿಗಳಿಗೆ ಬ್ಲೀಚಿಂಗ್ ಪುಡಿ, ಔಷಧಿಯ ದಾಸ್ತಾನು ಇವು ಹಣವಿಲ್ಲದ ತಿಂಗಳುಗಳಿಗೆ ಬೀಳುತ್ತವೆ. ಕೊನೆಯ ಕಂತು ಮಾರ್ಚಿಯಲ್ಲಿ ಬಂದು, ಅದೇ ತಿಂಗಳಿನೊಳಗೆ ವೆಚ್ಚವಾಗಬೇಕೆಂಬ ಅವಸರದಲ್ಲಿ, ಸೊಳ್ಳೆಯಿಲ್ಲದ ಕಾಲದಲ್ಲಿ ಸೊಳ್ಳೆಯ ಔಷಧಿ ಕೊಳ್ಳಲ್ಪಡುತ್ತದೆ. ಪ್ರಸಂಗವಶಾತ್ ಹೇಳುವುದಾದರೆ, ಹಳೆಯ ಮೈಸೂರು ಸಂಸ್ಥಾನದ ಸರ್ಕಾರಿ ವರ್ಷವು ಜುಲೈ ಒಂದರಿಂದ ಜೂನ್ ಮೂವತ್ತರವರೆಗೆ ಇದ್ದಿತು. ಆರೋಗ್ಯವನ್ನು ಕುರಿತು ಆಲೋಚಿಸಿ ಹಾಗೆ ಮಾಡಿದರೆಂದು ನಾವು ಹೇಳುವುದಿಲ್ಲ. ಆದರೂ ಮಳೆಯೊಡನೆ ಹೆಜ್ಜೆಯಿಡುವ ಲೆಕ್ಕದ ವರ್ಷವೊಂದು ಈ ನೆಲದಲ್ಲಿ ನಡೆದಿತ್ತೆಂಬುದು ಗಮನಾರ್ಹ.

ರಾಕ್‌ಫೆಲ್ಲರ್ ಪ್ರತಿಷ್ಠಾನದವರ ಹಣಕಾಸಿನ ಪದ್ಧತಿಯಲ್ಲಿಯೂ ಕಲಿಯಬೇಕಾದ ಅಂಶವೊಂದಿದೆ. ಅವರು ಒಂದು ದೇಶದಲ್ಲಿ ಕೆಲಸವನ್ನು ಆರಂಭಿಸುವಾಗ ಸ್ಥಳೀಯ ಸರ್ಕಾರವೂ ವೆಚ್ಚದಲ್ಲಿ ಪಾಲುಗೊಳ್ಳಬೇಕೆಂದು ವಿಧಿಸುತ್ತಿದ್ದರು. ವರ್ಷ ಕಳೆದಂತೆ ತಮ್ಮ ಪಾಲನ್ನು ತಗ್ಗಿಸಿ ಸರ್ಕಾರದ ಪಾಲನ್ನು ಹೆಚ್ಚಿಸುತ್ತಿದ್ದರು. ಹೊರಗಿನ ಹಣ ಬೀಜಕ್ಕೆ ಮಾತ್ರ, ಬೆಳೆ ನೆಲದ ಸಾರದಿಂದಲೇ ಬರಬೇಕೆಂಬುದು ಅದರ ಅರ್ಥ. 1930ರ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಅವರ ನೆರವಿನಿಂದಲೇ ಒಂದು ಗ್ರಾಮಾಂತರ ಆರೋಗ್ಯ ಘಟಕ ಏರ್ಪಟ್ಟಿತು. ಒಂದು ಗೊತ್ತಾದ ಪ್ರದೇಶದ ಜನಕ್ಕೆ ಒಂದು ಗೊತ್ತಾದ ಆರೋಗ್ಯ ಸಿಬ್ಬಂದಿಯೆಂಬ ಆ ಕಲ್ಪನೆಯನ್ನೇ 1946ರ ಭೋರ್ ಸಮಿತಿಯ ವರದಿಯು ದೇಶಕ್ಕೆಲ್ಲ ಅನ್ವಯಿಸಿತು. 1952ರಲ್ಲಿ ಸಮುದಾಯಾಭಿವೃದ್ಧಿ ಯೋಜನೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿದುದು ಆ ವರದಿಯ ಫಲ.

ಇನ್ನು ದೇಶದ ಅನುಭವಕ್ಕೆ ಬರೋಣ. 1947ರ ಸುಮಾರಿನಲ್ಲಿ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಮಲೇರಿಯಾದಿಂದ ನರಳುತ್ತಿದ್ದರೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜುಂಟು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಡಿ.ಡಿ.ಟಿ.ಯನ್ನು ಮನೆಯ ಗೋಡೆಗಳಿಗೆ ಸಿಂಪಡಿಸುವ ಕಾರ್ಯ ಹಳ್ಳಿಹಳ್ಳಿಗೂ ಹಬ್ಬಿತು. ಫಲವು ಎಷ್ಟು ಆಶ್ಚರ್ಯಕರವಾಗಿತ್ತೆಂದರೆ, ಐದು ವರ್ಷಗಳಲ್ಲಿಯೇ 'ನಿಯಂತ್ರಣ' ಎಂಬ ಮಾತನ್ನು ಬಿಟ್ಟು 'ನಿರ್ಮೂಲನ' ಎಂಬ ಮಾತನ್ನು ಹಿಡಿದರು. 1955ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿಗೆಲ್ಲ ಅದೇ ಗುರಿಯನ್ನಿಟ್ಟಿತ್ತು. ಭಾರತದ ಕಾರ್ಯಕ್ರಮ 1958ರಲ್ಲಿ ಹೆಸರು ಬದಲಾಯಿಸಿತು.

ಹೆಸರಿನ ಈ ಬದಲಾವಣೆಯಲ್ಲಿ ಹಣಕಾಸಿನ ಒಂದು ದೊಡ್ಡ ಬದಲಾವಣೆ ಹುದುಗಿತ್ತೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ನಿಯಂತ್ರಣವು ಎಂದೆಂದಿಗೂ ನಡೆಯಬೇಕಾದ ಕೆಲಸ. ಅದಕ್ಕೆ ಪ್ರತಿವರ್ಷವೂ ಹಣ ಬೇಕು. ನಿರ್ಮೂಲನವಾದರೋ ಒಮ್ಮೆ ಮಾಡಿ ಮುಗಿಸುವ ಕೆಲಸ. ಕೆಲವು ವರ್ಷ ಹೆಚ್ಚಾಗಿ ವೆಚ್ಚ ಮಾಡಿದರೆ ಅನಂತರ ವೆಚ್ಚವೇ ಇಲ್ಲವೆಂಬುದು ಹಣಕಾಸಿನ ಇಲಾಖೆಗಳ ಮುಂದಿಟ್ಟ ವಾದ. ಆಕ್ರಮಣ, ದೃಢೀಕರಣ, ಪಾಲನೆ ಎಂದು ಕಾರ್ಯವನ್ನು ಹಂತಗಳಾಗಿ ಭಾಗಿಸಿದರು. ಮೊದಲ ಹಂತಗಳಿಗೆ ಕೇಂದ್ರದ ನೆರವು ಧಾರಾಳವಾಗಿತ್ತು. ಪಾಲನೆಯ ಹಂತಕ್ಕೆ ಬಂದ ಪ್ರದೇಶವನ್ನು ರಾಜ್ಯದ ಸಾಮಾನ್ಯ ಆರೋಗ್ಯ ವ್ಯವಸ್ಥೆಗೆ ಒಪ್ಪಿಸಿಬಿಡುವುದು, ಅಲ್ಲಿಂದ ಮುಂದಿನ ವೆಚ್ಚ ರಾಜ್ಯದ್ದು. 1963ರಲ್ಲಿ ಚಡ್ಡಾ ಸಮಿತಿಯು ಪಾಲನೆಯ ಹಂತದಲ್ಲಿ ಹತ್ತು ಸಾವಿರ ಜನಕ್ಕೊಬ್ಬ ಮೂಲ ಆರೋಗ್ಯ ಕಾರ್ಯಕರ್ತನು ಮನೆಮನೆಗೆ ಹೋಗಿ ಜ್ವರದವರನ್ನು ವಿಚಾರಿಸಬೇಕೆಂದು ಸೂಚಿಸಿತು. ಆದರೆ ಆತನ ಕೈಗೆ ಕುಟುಂಬ ಯೋಜನೆಯ ಕೆಲಸವನ್ನೂ ಹಾಕಿದರು. 1965ರ ಮುಖರ್ಜಿ ಸಮಿತಿಯು ಈ ಎರಡು ಕೆಲಸಗಳನ್ನು ಬೇರ್ಪಡಿಸಬೇಕೆಂದು ಹೇಳಬೇಕಾಗಿ ಬಂದಿತು.

1965ರಲ್ಲಿ ದೇಶದ ಮಲೇರಿಯಾ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದುವು. 1976ರಲ್ಲಿ ಅದೇ ಸಂಖ್ಯೆ 64 ಲಕ್ಷವನ್ನು ಮೀರಿತು.

ಇದಕ್ಕೆ ಹಣವೊಂದೇ ಕಾರಣವೆಂದು ಹೇಳುವುದು ಪ್ರಾಮಾಣಿಕತೆಯಾಗಲಾರದು. ಕ್ಯೂಲಿಸಿಫೇಸೀಸ್ ಸೊಳ್ಳೆಯು ಡಿ.ಡಿ.ಟಿ.ಗೆ ಒಗ್ಗಿಹೋಗಿತ್ತು. ನೀರಾವರಿ ಹೆಚ್ಚಿತ್ತು. 1973ರ ಬಳಿಕ ಎಣ್ಣೆಯ ಬೆಲೆ ಏರಿ ಕೀಟನಾಶಕಗಳ ಬೆಲೆಯೂ ಏರಿತು. ಆದರೆ ಈ ಕಾರಣಗಳೆಲ್ಲ ಒಂದು ಎಚ್ಚರವಾದ ವ್ಯವಸ್ಥೆಗೆ ಎದುರಾಗಿದ್ದರೆ ಪರಿಣಾಮ ಬೇರೆಯಾಗುತ್ತಿತ್ತು. ರೋಗ ಕಾಣದಾದಾಗ ಅದನ್ನು ಹುಡುಕುವವರಿಗೆ ಹಣವೇಕೆಂಬ ಪ್ರಶ್ನೆ ಹುಟ್ಟಿತು. ವಿದೇಶಗಳಿಂದ ಬರುತ್ತಿದ್ದ ಸರಬರಾಜು ಕುಂದಿತು. ಪಾಲನೆಯ ಭಾರವನ್ನು ಹೊರಬೇಕಾಗಿದ್ದ ಗ್ರಾಮಾಂತರ ಕೇಂದ್ರಗಳು ಎಷ್ಟೋ ಕಡೆ ಕಾಗದದ ಮೇಲಿದ್ದುವು. ಕಾರ್ಯದ ಸಫಲತೆಯೇ ಅದರ ಹಣಕ್ಕೆ ಶತ್ರುವಾಯಿತು. ಇತರ ಯಾವ ಇಲಾಖೆಯಲ್ಲಿಯೂ ಈ ವಿಪರೀತವನ್ನು ನಾವು ಇಷ್ಟು ಸ್ಪಷ್ಟವಾಗಿ ಕಾಣೆವು. ಸೇತುವೆ ಚೆನ್ನಾಗಿ ನಿಂತಿದೆಯೆಂದು ಯಾರೂ ಅದರ ಕಂಬಗಳನ್ನು ಕೀಳುವುದಿಲ್ಲ.

ನೆರೆಯ ಸಿಂಹಳದ ನಿದರ್ಶನ ಇನ್ನೂ ಕಠೋರವಾದುದು. ಅಲ್ಲಿ 1963ರಲ್ಲಿ ಇಡೀ ದ್ವೀಪದಲ್ಲಿ ದೊರೆತ ಮಲೇರಿಯಾ ಪ್ರಕರಣಗಳು 17 ಮಾತ್ರ. ಸಿಂಪಡಣೆ ನಿಂತಿತು. 1968-69ರ ಸಾಂಕ್ರಾಮಿಕದಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಜನ ರೋಗಕ್ಕೆ ತುತ್ತಾದರು. ಅದೇ ದೇಶವು ಈ ಪಾಠವನ್ನು ಮರೆಯದೆ, ಮುಂದೆ ರೋಗ ತಗ್ಗುತ್ತ ಬಂದಾಗಲೂ ಮಲೇರಿಯಾ ವಿರೋಧಿ ಸಿಬ್ಬಂದಿಯನ್ನು ಚದರಿಸದೆ ಇಟ್ಟುಕೊಂಡಿತು; 2016ರಲ್ಲಿ ಮಲೇರಿಯಾಮುಕ್ತ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮನ್ನಣೆ ಪಡೆಯಿತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1930ರ ದಶಕದಿಂದೀಚೆಗೆ 61 ದೇಶಗಳಲ್ಲಿ ಮಲೇರಿಯಾ ಮರುಕಳಿಸಿದ 75 ಸಂದರ್ಭಗಳನ್ನು ಪರೀಕ್ಷಿಸಿದ್ದಾರೆ. ಅವುಗಳಲ್ಲಿ 68ರಲ್ಲಿ ನಿಯಂತ್ರಣ ಕಾರ್ಯ ಸಡಿಲವಾದುದು ಒಂದು ಕಾರಣವೆಂದು ಕಂಡುಬಂದಿದೆ. ಹಾಗೆ ಸಡಿಲವಾಗಲು ಎಲ್ಲಕ್ಕಿಂತ ಹೆಚ್ಚು ಸಲ ಕಾರಣವಾದುದು ಹಣದ ಅಭಾವ.

ಇಲ್ಲಿ ಒಂದು ಪ್ರಶ್ನೆ ಏಳಬಹುದು: ಮಲೇರಿಯಾ ನಾಲೆಯ ಸೀಮೆಯ ವ್ಯಾಧಿ, ಬೆದ್ದಲಿನ ದೇವಲಾಪುರಕ್ಕೆ ಇದರಿಂದೇನು? ನೀರು ಸಾಲದೆಡೆಯಲ್ಲಿ ಜನ ನೀರನ್ನು ಕೂಡಿಡುತ್ತಾರೆ. ನಲ್ಲಿಯಲ್ಲಿ ನೀರು ಎರಡು ಮೂರು ದಿನಕ್ಕೊಮ್ಮೆ ಬರುವ ಊರಿನಲ್ಲಿ ಪ್ರತಿಯೊಂದು ಮನೆಯ ಮುಂದೆಯೂ ತೊಟ್ಟಿಯೋ ಡ್ರಮ್ಮೋ ಇದ್ದೇ ಇರುತ್ತದೆ. ಡೆಂಗೆ ಜ್ವರವನ್ನು ತರುವ ಈಡಿಸ್ ಸೊಳ್ಳೆಗೆ ಬೇಕಾದುದು ಅಂಥ ನಿಂತ ತಿಳಿನೀರೇ ಹೊರತು ಗದ್ದೆಯಲ್ಲ. ಕರ್ನಾಟಕ ಸರ್ಕಾರದವರು 2024ರ ಸೆಪ್ಟೆಂಬರಿನಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ನೀರಿನ ತೊಟ್ಟಿಗಳನ್ನು ಮುಚ್ಚಿಡದವರಿಗೆ ದಂಡವನ್ನೂ ವಿಧಿಸಿದರು. ಈ ಸೊಳ್ಳೆಯೂ ಒಂದು ವಾರದಿಂದ ಹತ್ತು ದಿನಗಳೊಳಗೆ ಬೆಳೆದುಬಿಡುತ್ತದೆ. ಆದುದರಿಂದಲೇ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ಉಜ್ಜಿ ಒಣಗಿಸಬೇಕೆಂಬ ವಿಧಿ. ತೊಟ್ಟಿಯನ್ನು ಉಜ್ಜುವವಳು ಮನೆಯಾಕೆ. ಹಣದ ಮಾತೇ ಇಲ್ಲವೆಂದು ತೋರಬಹುದು. ಆದರೆ ವಾರವಾರವೂ ಬಾಗಿಲಿಗೆ ಬಂದು ತೊಟ್ಟಿಯೊಳಗೆ ಬಗ್ಗಿ ನೋಡುವ ಆಶಾ ಕಾರ್ಯಕರ್ತೆಗೆ, ಆಕೆ ಕೊಟ್ಟ ಸುದ್ದಿಯ ಮೇಲೆ ಔಷಧಿ ತರುವ ಆರೋಗ್ಯ ಸಹಾಯಕನಿಗೆ, ರಕ್ತದ ಮಾದರಿಯನ್ನು ತಾಲ್ಲೂಕಿಗೆ ಒಯ್ಯುವ ವಾಹನಕ್ಕೆ ಹಣ ಬೇಕು. ಅದೂ ವಾರವಾರವೂ ಬೇಕು. ರಾಜ್ಯದ ಆಶಾ ಕಾರ್ಯಕರ್ತೆಯರು ನಿಶ್ಚಿತವಾದ ಮಾಸಿಕ ಗೌರವಧನಕ್ಕಾಗಿ 2020ರಲ್ಲಿಯೂ 2025ರ ಜನವರಿಯಲ್ಲಿಯೂ ಕೆಲಸ ನಿಲ್ಲಿಸಿ ಬೀದಿಗಿಳಿಯಬೇಕಾಯಿತು. ಅವರು ಕೇಳಿದ 'ನಿಶ್ಚಿತ' ಎಂಬ ವಿಶೇಷಣವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಲಘುವಾಗಿ ನೋಡಬಾರದು.

ಸ್ಥಳೀಯವಾಗಿ ಹಣ ಹೇಗೆ ಬರುತ್ತದೆಂಬುದನ್ನು ಈಗ ನೋಡೋಣ. ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯವು ರಾಜ್ಯಪಟ್ಟಿಗೆ ಸೇರಿದ ವಿಷಯ. 1992ರ ಎಪ್ಪತ್ತಮೂರನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಆರೋಗ್ಯ, ನೈರ್ಮಲ್ಯ, ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಎಣಿಸಿದ್ದಾರೆ. ಕರ್ತವ್ಯ ಕೆಳಕ್ಕೆ ಇಳಿಯಿತು. ಕರ್ತವ್ಯದೊಡನೆ ಇಳಿಯಬೇಕಾದ ಆದಾಯ ಮೇಲೆಯೇ ಉಳಿಯಿತು. ವೈದ್ಯರ, ದಾದಿಯರ ಸಂಬಳಗಳು ರಾಜ್ಯದ ಬೊಕ್ಕಸದಿಂದ ಸಲ್ಲುತ್ತವೆಂಬುದನ್ನೂ, ಆ ಮೊತ್ತ ಊರಿನಿಂದ ವಸೂಲಾಗುವ ಯಾವ ಕರಕ್ಕಿಂತಲೂ ಬಹಳ ದೊಡ್ಡದೆಂಬುದನ್ನೂ ಮರೆಯಬಾರದು. ನಮ್ಮ ವಿವಾದ ಸಂಬಳವನ್ನು ಕುರಿತದ್ದಲ್ಲ. ಸಂಬಳ ಪಡೆಯುವ ಸಹಾಯಕಿಯ ಕೈಯಲ್ಲಿ ಬ್ಲೀಚಿಂಗ್ ಪುಡಿಯ ಚೀಲಕ್ಕೆ ಹಣವಿಲ್ಲದಿದ್ದರೆ ಆ ಸಂಬಳದ ಬಹುಭಾಗ ವ್ಯರ್ಥವಾಗುತ್ತದೆಂಬುದಷ್ಟೇ ನಮ್ಮ ಮಾತು.

ಈ ಕೊರತೆಯನ್ನು ತುಂಬಲು 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಒಂದು ಒಳ್ಳೆಯ ಏರ್ಪಾಡು ಮಾಡಿದರು. ಪ್ರತಿ ಆರೋಗ್ಯ ಉಪಕೇಂದ್ರಕ್ಕೂ ವರ್ಷಕ್ಕೆ 10,000 ರೂಪಾಯಿಗಳ ಮುಕ್ತ ನಿಧಿ. ಮುಕ್ತವೆಂದರೆ ಮೇಲಿನವರ ಮಂಜೂರಾತಿಗೆ ಕಾಯದೆ ಸ್ಥಳದ ಅಗತ್ಯಕ್ಕೆ ತಕ್ಕಂತೆ ಬಳಸತಕ್ಕ ಹಣ. ಉಪಕೇಂದ್ರದ ಆರೋಗ್ಯ ಸಹಾಯಕಿಯೂ ಪಂಚಾಯಿತಿಯ ಪ್ರತಿನಿಧಿಯೂ ಜಂಟಿಯಾಗಿ ಅದರ ಖಾತೆಯನ್ನು ನಡೆಸಬೇಕು. ಬಯಲು ಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನರೆಂಬ ಲೆಕ್ಕ. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ ಎರಡು ರೂಪಾಯಿ ಬರುತ್ತದೆ. 30,000 ಜನರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಕ್ತ ನಿಧಿ 25,000, ದುರಸ್ತಿ ಅನುದಾನ 50,000, ಆರೋಗ್ಯ ರಕ್ಷಾ ಸಮಿತಿಗೆ ಒಂದು ಲಕ್ಷ, ಎಲ್ಲ ಸೇರಿ ತಲೆಗೆ ಆರು ರೂಪಾಯಿಗೂ ಕಡಿಮೆ. ಮೊತ್ತಗಳು ಅನಂತರ ಪರಿಷ್ಕೃತವಾದರೂ ಮೂಲದ ಪ್ರಮಾಣ ತಿಳಿಯಲು ಈ ಅಂಕಿಗಳು ಸಾಕು. ಇಷ್ಟು ಚಿಕ್ಕ ಹಣದಿಂದಲೂ ಕೆಲಸವಾಗುತ್ತಿತ್ತು, ಅದು ಗೊತ್ತಾದ ದಿನ ಬರುವುದೆಂಬ ಭರವಸೆಯಿದ್ದಿದ್ದರೆ. ಆದರೆ ಹಿಂದಿನ ಕಂತಿನ ವಿನಿಯೋಗ ಪತ್ರ ಮೇಲಕ್ಕೆ ಹೋಗದೆ ಮುಂದಿನ ಕಂತು ಕೆಳಕ್ಕೆ ಬಾರದು. ಒಂದು ಹಂತದಲ್ಲಿ ಒಬ್ಬರ ಪತ್ರ ತಡವಾದರೆ ಎಲ್ಲರ ಹಣವೂ ತಡವಾಗುವ ಸಂಭವವುಂಟು. ಈ ಅಭಿಯಾನದಲ್ಲಿ ರಾಜ್ಯದ ಪಾಲು ಮೊದಲು ಶೇಕಡಾ 15, ಆಮೇಲೆ 25, 2015-16ರಿಂದ 40 ಆಯಿತು. ಹದಿನೈದನೆಯ ಹಣಕಾಸು ಆಯೋಗವು ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು 70,051 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿದುದು ಸ್ತುತ್ಯವೇ. ಅದಾದರೂ 2021ರಿಂದ 2026ರವರೆಗಿನ ಐದು ವರ್ಷಗಳ ಅವಧಿಗೆ ಮಾತ್ರ. ಅಭಿಯಾನ, ಯೋಜನೆ, ಆಯೋಗ ಇವೆಲ್ಲಕ್ಕೂ ಅವಧಿಯುಂಟು. ಸೊಳ್ಳೆಗೆ ಅವಧಿಯಿಲ್ಲ.

ಲೇಖನದ ಮೊದಲಲ್ಲಿ ಹೇಳಿದ ಆರೋಗ್ಯ ಕರದ ಮಹತ್ವ ಇಲ್ಲಿದೆ. ಒಂದು ಊಹೆಯ ಲೆಕ್ಕವನ್ನು ಹಾಕಿ ನೋಡೋಣ. ಒಂದು ಉಪಕೇಂದ್ರದ ವ್ಯಾಪ್ತಿಯಲ್ಲಿ ಸಾವಿರ ಮನೆಗಳಿವೆಯೆಂದೂ ಪ್ರತಿ ಮನೆಯೂ ವರ್ಷಕ್ಕೆ ಸರಾಸರಿ 200 ರೂಪಾಯಿ ತೆರಿಗೆ ಕೊಡುವುದೆಂದೂ ಇಟ್ಟುಕೊಂಡರೆ ಆರೋಗ್ಯ ಕರ ಮನೆಗೆ 30 ರೂಪಾಯಿ, ಒಟ್ಟು 30,000 ರೂಪಾಯಿ. 2005ರಲ್ಲಿ ನಿಗದಿಯಾದ ಮುಕ್ತ ನಿಧಿಯ ಮೂರರಷ್ಟು. ದೊಡ್ಡ ಮೊತ್ತವಲ್ಲ, ಆದರೆ ಪ್ರತಿವರ್ಷವೂ ಅದೇ ಊರಿನಲ್ಲಿ ಹುಟ್ಟುವ ಮೊತ್ತ. ಗ್ರಂಥಾಲಯ ಕರದ ಕಥೆ ಇದಕ್ಕೆ ಭಿನ್ನ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನಲ್ಲಿ ಆ ಕರವನ್ನು ಗ್ರಂಥಾಲಯ ಪ್ರಾಧಿಕಾರಗಳ ನಿಧಿಗೇ ಸೇರಬೇಕೆಂದು ಗೊತ್ತುಮಾಡಿದರು. ಮೂರೇ ವರ್ಷಗಳ ಅಂತರದಲ್ಲಿ ಒಂದೇ ರಾಜ್ಯವು ಮಾಡಿದ ಎರಡು ಕಾನೂನುಗಳಲ್ಲಿ ಪುಸ್ತಕಕ್ಕೆ ಸ್ವಂತ ನಿಧಿ ದೊರೆಯಿತು, ಆರೋಗ್ಯಕ್ಕೆ ದೊರೆಯಲಿಲ್ಲ. ಪುಸ್ತಕಗಳನ್ನು ಓದಿ ಬದುಕುವ ನಾವು ಅದಕ್ಕಾಗಿ ಕೊರಗಬೇಕಾಗಿಲ್ಲ. ಆದರೂ ಆ ಮಾದರಿಯನ್ನು ಆರೋಗ್ಯಕ್ಕೂ ಏಕೆ ಅನ್ವಯಿಸಬಾರದೆಂಬುದು ಸಹಜವಾದ ಪ್ರಶ್ನೆ.

ಇದಕ್ಕೆ ಎರಡು ಆಕ್ಷೇಪಣೆಗಳು ಬರುವುವು. ಸ್ಥಳೀಯ ಕರವನ್ನು ಸ್ಥಳದಲ್ಲಿಯೇ ಬಿಟ್ಟರೆ ನಾಲೆಯ ಸೀಮೆಯ ಸಿರಿವಂತ ಪಂಚಾಯಿತಿಗೆ ಹೆಚ್ಚು, ನಾಗಮಂಗಲದ ಬಡ ಪಂಚಾಯಿತಿಗೆ ಕಡಿಮೆ ದೊರೆಯುವುದೆಂಬುದು ಮೊದಲನೆಯದು. ಇದು ಬಲವಾದ ಆಕ್ಷೇಪಣೆ. ಇದನ್ನು ನಾವು ಒಪ್ಪುತ್ತೇವೆ. ಆದಕಾರಣ ಕರದ ಒಂದು ಪಾಲನ್ನು ಊರಿನಲ್ಲಿಯೇ ಇರಿಸಿ, ಮಿಕ್ಕ ಪಾಲನ್ನು ಜಿಲ್ಲೆಯ ಒಂದು ನಿಧಿಗೆ ಸೇರಿಸಿ, ಜನಸಂಖ್ಯೆ ಮತ್ತು ರೋಗಭಾರವನ್ನು ನೋಡಿ ಹಂಚುವುದು ಯುಕ್ತ. ಎರಡನೆಯದು, ಕೊಟ್ಟ ಹಣವೇ ಖರ್ಚಾಗದೆ ಉಳಿಯುತ್ತಿರುವಾಗ ಸ್ಥಿರ ನಿಧಿಯೇಕೆಂಬುದು. ಕಣಕ್ಕೆ ಭತ್ತ ಯಾವಾಗ ಬರುವುದೋ ತಿಳಿಯದ ಮನೆಯಲ್ಲಿ ಇದ್ದ ಪಡಿಯನ್ನು ಹಿಡಿದು ಬಳಸುವುದು ಗೃಹಿಣಿಯ ಸ್ವಭಾವ. ಮುಂದಿನ ಕಂತು ಬರುವುದೋ ಇಲ್ಲವೋ ಎಂದು ಶಂಕಿಸುವ ಅಧಿಕಾರಿಯೂ ಹಾಗೆಯೇ ಮಾಡುತ್ತಾನೆ. ಬಾಕಿ ಉಳಿದ ಹಣವನ್ನು ತೋರಿಸಿ ಮುಂದಿನ ವರ್ಷದ ಹಣವನ್ನು ಕಡಿತ ಮಾಡಿದರೆ ಅವನ ಶಂಕೆಯೇ ನಿಜವಾದಂತಾಯಿತು. ಉಳಿಕೆಯು ಅಸ್ಥಿರತೆಯ ಪರಿಣಾಮವೂ ಹೌದೆಂಬುದನ್ನು ಬಿಟ್ಟು ಅದನ್ನು ಅನಗತ್ಯತೆಯ ಸಾಕ್ಷ್ಯವೆಂದು ಮಾತ್ರ ಎಣಿಸುವುದು ಸರಿಯಾದ ತರ್ಕವಲ್ಲ. ಹಣದ ದುರ್ವಿನಿಯೋಗವಾಗುವುದೆಂಬ ಭಯವೂ ಉಂಟು. ಅದಕ್ಕೆ ಲೆಕ್ಕ ಪರಿಶೋಧನೆಯೂ ಗ್ರಾಮಸಭೆಯಲ್ಲಿ ಲೆಕ್ಕವನ್ನು ಓದಿಹೇಳುವುದೂ ಮದ್ದು, ಹಣ ನಿಲ್ಲಿಸುವುದಲ್ಲ.

ಸ್ಥಿರ ನಿಧಿಯೆಂದರೆ ನಮ್ಮ ಅಭಿಪ್ರಾಯವೇನೆಂಬುದನ್ನು ತಿಳಿಸಬೇಕು. ತಲೆಗಿಷ್ಟೆಂದು ಮೊದಲೇ ಗೊತ್ತಾದ, ಬೆಲೆಗಳು ಏರಿದಂತೆ ಏರುವ ಮೊತ್ತ. ಮುಂಗಾರಿಗೆ ಮುಂಚೆ, ಮೇ ತಿಂಗಳು ಮುಗಿಯುವುದರೊಳಗೆ ಉಪಕೇಂದ್ರದ ಖಾತೆಗೆ ತಲಪುವ ಏರ್ಪಾಡು. ವರ್ಷಾಂತ್ಯದಲ್ಲಿ ಉಳಿದುದು ರದ್ದಾಗದೆ ಮುಂದಿನ ವರ್ಷಕ್ಕೆ ಸೇರುವ ಅನುಮತಿ. ಎಲ್ಲಕ್ಕಿಂತ ಮುಖ್ಯವಾಗಿ, ರೋಗದ ಪ್ರಕರಣಗಳು ಇಳಿದ ವರ್ಷ ಆ ಇಳಿಕೆಯ ಆಧಾರದ ಮೇಲೆ ಹಣವನ್ನು ಇಳಿಸಬಾರದೆಂಬ ನಿಯಮ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಸರ್ಕಾರಗಳ ಆರೋಗ್ಯ ವೆಚ್ಚವನ್ನು 2025ರ ವೇಳೆಗೆ ದೇಶದ ಒಟ್ಟು ಉತ್ಪನ್ನದ ಶೇಕಡಾ 2.5ಕ್ಕೆ ಏರಿಸಬೇಕೆಂದು ಗುರಿಯಿಟ್ಟರು. ಅಂಥ ಗುರಿಗಳು ಒಟ್ಟು ಮೊತ್ತವನ್ನು ಹೇಳುತ್ತವೆ. ಮೊತ್ತ ಏರಿದರೂ ಅದು ದೊಡ್ಡ ಆಸ್ಪತ್ರೆಗಳ ಕಟ್ಟಡಗಳಲ್ಲಿ ನಿಂತುಬಿಡಬಹುದು. ಮಂಡ್ಯ ಜಿಲ್ಲೆಯಲ್ಲಿ ಇಂದು ವೈದ್ಯಕೀಯ ಕಾಲೇಜುಗಳಿವೆ. ನಾಗಮಂಗಲ ತಾಲ್ಲೂಕಿನಲ್ಲಿಯೇ ಒಂದುಂಟು. ಅದು ಸಂತೋಷದ ವಿಷಯ. ಕಾಲೇಜಿನ ಆಸ್ಪತ್ರೆ ಡೆಂಗೆಯ ರೋಗಿಯನ್ನು ಉಳಿಸಬಲ್ಲುದು. ದೇವಲಾಪುರದ ತೊಟ್ಟಿಯನ್ನು ವಾರಕ್ಕೊಮ್ಮೆ ನೋಡಲಾರದು.

ಈ ವಿಷಯದಲ್ಲಿ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬಹುದಾದ ಕೆಲಸ ಕಠಿಣವಾದುದಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಬೇಡಿಕೆ, ವಸೂಲಿ, ಬಾಕಿಗಳ ತಖ್ತೆಯಿರುತ್ತದೆ. ತೆರಿಗೆಯ ವಸೂಲಿಯಿಂದ ಆರೋಗ್ಯ ಕರದ ಮೊತ್ತವನ್ನು ಲೆಕ್ಕಹಾಕಬಹುದು. ಉಪಕೇಂದ್ರದಲ್ಲಿ ಮುಕ್ತ ನಿಧಿಯ ನಗದು ಪುಸ್ತಕವಿರುತ್ತದೆ. ಅದರಲ್ಲಿ ಹಣ ಬಂದ ತಾರೀಖೂ ಖರ್ಚಾದ ತಾರೀಖೂ ಇರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜ್ವರದ ಪ್ರಕರಣಗಳ ವಾರದ ವರದಿಗಳಿರುತ್ತವೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಗದ್ದೆಯ ಸೀಮೆಯದೊಂದು, ಬೆದ್ದಲಿನದೊಂದು ಹೋಬಳಿಯನ್ನು ಆರಿಸಿಕೊಂಡು, ಈ ಮೂರು ದಾಖಲೆಗಳ ತಾರೀಖುಗಳನ್ನು ಐದು ವರ್ಷಗಳಿಗೆ ಒಂದರ ಪಕ್ಕದಲ್ಲೊಂದು ಬರೆದರೆ, ಹಣ ಬಂದ ವಾರಕ್ಕೂ ಜ್ವರ ಬಂದ ವಾರಕ್ಕೂ ಇರುವ ಅಂತರ ಒಂದೇ ಹಾಳೆಯಲ್ಲಿ ಕಾಣುತ್ತದೆ. ಅಂಥ ಪಟ್ಟಿಗಳನ್ನು ಸಿದ್ಧಪಡಿಸಿದವರು ಅವನ್ನು ಮೊದಲು ಆಯಾ ಪಂಚಾಯಿತಿಯ ಗ್ರಾಮಸಭೆಯಲ್ಲಿಯೇ ಓದಬೇಕೆಂದು ನಮ್ಮ ಕೋರಿಕೆ. ಆ ಕರವನ್ನು ತೆತ್ತವರು ಅಲ್ಲಿ ಕುಳಿತಿರುತ್ತಾರೆ.